ಕೀರ್ತನೆಗಾರನಿಗೆ ಪುನರುತ್ಥಾನ ಗೊತ್ತಿರಲಿಲ್ಲವೇ?

ಪ್ರಶ್ನೆ: ನಮ್ಮಜ್ಜಿಯ ಅಂತ್ಯಕ್ರಿಯೆಯಲ್ಲಿ ಸಭಾಪಾಲಕರು ಪುನರುತ್ಥಾನದ ಬಗ್ಗೆ ಪೌಲನ ಮಾತುಗಳನ್ನು ಓದಿದರು. ಆಮೇಲೆ ಸಮಾಧಾನಕ್ಕೆಂದು ನಾನೇ ಬೈಬಲ್ ತೆರೆದೆ. 88ನೇ ಕೀರ್ತನೆ ‘ಸತ್ತವರು ಎದ್ದು ನಿನ್ನನ್ನು ಕೊಂಡಾಡುವರೋ’ ಎಂದು ಕೇಳುತ್ತದೆ. ಪ್ರಸಂಗಿಯಲ್ಲಿ ಸತ್ತವರಿಗೆ ಏನೂ ತಿಳಿಯದು ಎಂದಿದೆ. ದೇವರೊಬ್ಬರೇ ಆದರೆ ಮಾತು ಎರಡೇಕೆ? ‘ದೇವರು ಹಂತಹಂತವಾಗಿ ತಿಳಿಸಿದರು’ ಎಂದು ಹಿರಿಯರೊಬ್ಬರು ಹೇಳಿದರು. ಇದು ಜಾರಿಕೊಳ್ಳುವ ಉತ್ತರವಲ್ಲವೇ? ಹಾಗಿದ್ದರೆ ಇವತ್ತೂ ಹೊಸದೇನಾದರೂ ತಿಳಿಸುತ್ತಿರಬಹುದಲ್ಲ?

ಉತ್ತರ: ಜಾರಿಕೊಳ್ಳುವ ಉತ್ತರ ಆಗಬಲ್ಲದು. ತೊಡಕು ಕಂಡಲ್ಲೆಲ್ಲ ‘ಆಗ ಅಷ್ಟೇ ತಿಳಿಸಿದ್ದರು’ ಎಂದು ಕೈತೊಳೆದುಕೊಂಡರೆ ಅದಕ್ಕಿಂತ ಸುಲಭದ್ದು ಇನ್ನೇನಿದೆ? ದೈವಪ್ರಕಟಣೆ ಹಂತಹಂತವಾಗಿ ಬಂತು ಎನ್ನುವವರ ಮೇಲೆ ಒಂದು ಹೊಣೆಯಿದೆ. ಮುಂದಿನ ಮಾತು ಹಿಂದಿನದನ್ನು ಅಳಿಸಿ ಬರೆದದ್ದಲ್ಲ, ಹಿಂದಿನದರ ಒಳಗಿಂದಲೇ ಬಂತು ಎಂದು ಅವರು ತೋರಿಸಿಕೊಡಬೇಕು. ನೀವು ಎತ್ತಿದ ವಿಷಯದಲ್ಲಿ ಅದನ್ನು ತೋರಿಸಬಹುದು.

ಇಸ್ರಾಯೇಲರು ದಾಸರಾಗಿದ್ದ ಈಜಿಪ್ಟಿನಲ್ಲಿ ಸತ್ತವರ ಸೇವೆ ದೊಡ್ಡ ವ್ಯವಸ್ಥೆಯೇ ಆಗಿತ್ತು: ಸಮಾಧಿಗಳು, ಅರ್ಪಣೆಗಳು, ಪರಲೋಕದ ದಾರಿಗೆ ಮಂತ್ರಗಳು. ಅಲ್ಲಿಂದ ಹೊರಟುಬಂದವರ ಧರ್ಮಶಾಸ್ತ್ರವೋ ಸತ್ತ ಮೇಲಿನ ಗತಿಯ ಬಗ್ಗೆ ಅಚ್ಚರಿಯಾಗುವಷ್ಟು ಮಿತಭಾಷಿ. ಸತ್ತವರನ್ನು ವಿಚಾರಿಸಬಾರದು. ದಶಮಾಂಶದಲ್ಲಿ ಒಂದಿಷ್ಟನ್ನೂ ಸತ್ತವರಿಗೆ ಕೊಟ್ಟಿಲ್ಲ ಎಂದು ದೇವರ ಮುಂದೆ ಹೇಳಬೇಕು (ಧರ್ಮೋಪದೇಶಕಾಂಡ 26:14). ಯಾಜಕನು ಹತ್ತಿರದ ರಕ್ತಸಂಬಂಧಿಗಳದ್ದಲ್ಲದೆ ಬೇರೆಯವರ ಶವದಿಂದ ಮೈಲಿಗೆಯಾಗಬಾರದು. ಸತ್ತವರನ್ನು ಆರಾಧಿಸುವ ಚಾಳಿಯಿಂದ ಜನರನ್ನು ಬಿಡಿಸಲು ಈ ಮೌನ ಬೇಕಿತ್ತು ಎಂಬ ಒಂದು ವಿವರಣೆಯಿದೆ. ನನಗೆ ಅದು ಒಪ್ಪುವಂಥದ್ದು. ಬದುಕಿರುವವರ ದೇವರು ಒಬ್ಬರೇ ಎಂಬ ಪಾಠ ಮೊದಲು ಗಟ್ಟಿಯಾಗಬೇಕಿತ್ತು.

ಆದ್ದರಿಂದ ಕೀರ್ತನೆಗಾರನ ಪಾಲಿಗೆ ಪಾತಾಳ ಎಂದರೆ ಒಳ್ಳೆಯವರೂ ಕೆಟ್ಟವರೂ ಸೇರುವ, ಸ್ತುತಿಯ ದನಿಯಿಲ್ಲದ ಕತ್ತಲ ತಾಣ. ಆದರೆ ಅದೇ ಕೀರ್ತನೆಗಳಲ್ಲಿ ಇನ್ನೊಂದು ದನಿಯೂ ಇದೆ. 73ನೆಯದರಲ್ಲಿ ದುಷ್ಟರ ಏಳಿಗೆ ಕಂಡು ಹೊಟ್ಟೆಕಿಚ್ಚುಪಟ್ಟವನು ಕೊನೆಗೆ ದೇವರಿಗೆ, ನೀನು ನನ್ನ ಬಲಗೈ ಹಿಡಿದಿದ್ದೀ, ನನ್ನ ದೇಹವೂ ಹೃದಯವೂ ಕುಂದಿಹೋದರೂ ನೀನೇ ನನ್ನ ಶಾಶ್ವತ ಪಾಲು ಎನ್ನುತ್ತಾನೆ. ಸತ್ತ ಮೇಲೆ ಏನಾಗುತ್ತದೆಂಬ ನಕ್ಷೆ ಅವನ ಬಳಿ ಇಲ್ಲ. ಹಿಡಿದ ಕೈ ಬಿಡುವುದಿಲ್ಲ ಎಂಬ ಭರವಸೆ ಮಾತ್ರ ಇದೆ.

ಆ ಭರವಸೆ ಕಠಿಣ ಪರೀಕ್ಷೆಗೆ ಒಳಗಾದದ್ದು ಕ್ರಿ.ಪೂ. 167ರ ಸುಮಾರಿಗೆ. ಆಗ ಯೆಹೂದ್ಯರನ್ನು ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಕಿದ್ ವಂಶದ ಅರಸ ನಾಲ್ಕನೇ ಅಂತಿಯೋಕ ಸುನ್ನತಿ, ಸಬ್ಬತ್ತುಗಳನ್ನು ನಿಷೇಧಿಸಿದ. ಧರ್ಮಶಾಸ್ತ್ರ ಪಾಲಿಸಿದರೆ ದೀರ್ಘಾಯುಸ್ಸು ಎಂದು ಕಲಿತಿದ್ದ ಜನ ಈಗ ಅದನ್ನು ಪಾಲಿಸಿದ್ದಕ್ಕೇ ಸಾಯತೊಡಗಿದರು. ದೇವರು ನ್ಯಾಯವಂತರಾದರೆ ಇವರ ಲೆಕ್ಕ ಎಲ್ಲಿ ಚುಕ್ತಾ ಆಗಬೇಕು? ನೆಲದ ಧೂಳಿನಲ್ಲಿ ನಿದ್ರಿಸುವವರಲ್ಲಿ ಅನೇಕರು ಎಚ್ಚರಗೊಳ್ಳುವರು, ಕೆಲವರು ನಿತ್ಯಜೀವಕ್ಕೆ, ಕೆಲವರು ನಿಂದೆಗೆ ಎಂದು ದಾನಿಯೇಲ 12:2 ಬಿಡಿಸಿ ಹೇಳುತ್ತದೆ. ಆ ಗ್ರಂಥ ಈಗಿನ ರೂಪ ತಳೆದದ್ದು ಈ ಹಿಂಸೆಯ ಕಾಲದಲ್ಲೇ ಎಂದು ಬಹುತೇಕ ವಿದ್ವಾಂಸರ ಮತ, ಕ್ರಿ.ಪೂ. ಆರನೇ ಶತಮಾನದ ದಾನಿಯೇಲನೇ ಬರೆದದ್ದು ಎಂಬುದು ಸಂಪ್ರದಾಯದ ನಿಲುವು. ಹೇಗೆ ಎಣಿಸಿದರೂ ಇಷ್ಟು ನೇರವಾದ ಮಾತು ಹಳೆಯ ಒಡಂಬಡಿಕೆಯಲ್ಲಿ ಬೇರೆಲ್ಲೂ ಸಿಗದು. ಕಥೋಲಿಕ ಬೈಬಲಿನಲ್ಲಿರುವ ಮಕ್ಕಬಿಯರ ಎರಡನೇ ಗ್ರಂಥದ 7ನೇ ಅಧ್ಯಾಯವನ್ನೂ ಓದಿ. ಅಲ್ಲಿ ಒಬ್ಬ ತಾಯಿ ತನ್ನ ಏಳು ಮಕ್ಕಳಿಗೆ, ಸೃಷ್ಟಿಸಿದವರೇ ಮತ್ತೆ ಉಸಿರು ಕೊಡುತ್ತಾರೆಂದು ಧೈರ್ಯ ತುಂಬುತ್ತಾಳೆ.

ಇನ್ನು ಮಾರ್ಕ 12. ಪುನರುತ್ಥಾನ ನಂಬದ ಯೆಹೂದಿ ಪಂಗಡದವರಾದ ಸದ್ದುಕಾಯರು, ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಅವನ ಸಹೋದರ ಮದುವೆಯಾಗಬೇಕೆಂಬ ಮೋಶೆಯ ನಿಯಮ ಮುಂದಿಟ್ಟು, ಏಳು ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾದವಳು ಕೊನೆಗೆ ಯಾರ ಹೆಂಡತಿ ಎಂದು ಯೇಸುವನ್ನು ಕೆಣಕುತ್ತಾರೆ. ಯೇಸು ದಾನಿಯೇಲನ ಸ್ಪಷ್ಟ ವಾಕ್ಯವನ್ನು ಎತ್ತಿಕೊಳ್ಳುವುದೇ ಇಲ್ಲ! ಉರಿಯುವ ಪೊದೆಯೊಳಗಿಂದ ದೇವರು ಮೋಶೆಯೊಡನೆ ಮಾತಾಡಿದ ಪ್ರಸಂಗಕ್ಕೆ ಹೋಗುತ್ತಾರೆ: ನಾನು ಅಬ್ರಹಾಮನ, ಇಸಾಕನ, ಯಾಕೋಬನ ದೇವರು. ದೇವರು ಸತ್ತವರಿಗಲ್ಲ, ಜೀವಿತರಿಗೆ ದೇವರು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ. 73ನೇ ಕೀರ್ತನೆಯ ಹಿಡಿದ ಕೈ, ಪೊದೆಯ ಬಳಿಯ ಆ ಮಾತು, ಪೌಲ ‘ಪ್ರಥಮಫಲ’ (ಬರಲಿರುವ ಸುಗ್ಗಿಯ ಮೊದಲ ಬೆಳೆ) ಎಂದು ಕರೆದ ಕ್ರಿಸ್ತನ ಪುನರುತ್ಥಾನ, ಮೂರೂ ಒಂದೇ ಸಂಬಂಧದ ಕವಲುಗಳು. ಸಂಬಂಧ ಬದಲಾಗಲಿಲ್ಲ, ಅದು ಎಷ್ಟು ದೂರ ಹೋಗುತ್ತದೆಂಬುದು ತಡವಾಗಿ ತಿಳಿಯಿತು.

ಎರಡು ಮಾತಿಗೆ ಎರಡು ದೇವರು ಎಂದುಬಿಟ್ಟವನೂ ಇದ್ದ. ಎರಡನೇ ಶತಮಾನದ ಮಾರ್ಸಿಯನ್ ಹಳೆಯ ಒಡಂಬಡಿಕೆಯನ್ನೇ ಕೈಬಿಟ್ಟು, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಇಟ್ಟುಕೊಂಡ. ಇಂಥವರಿಗೆ ಲಿಯೋನಿನ ಬಿಷಪ್ ಐರೇನಿಯಸ್ ಕೊಟ್ಟ ಉತ್ತರದಲ್ಲಿ ಒಬ್ಬ ತಾಯಿ ಬರುತ್ತಾಳೆ: ಗಟ್ಟಿ ಆಹಾರ ಕೊಡಲು ಅವಳಿಗೆ ಆಗದೆಂದಲ್ಲ, ಕೂಸಿಗೆ ಅರಗದು.

ಹಾಗೆಂದು 88ನೇ ಕೀರ್ತನೆಯ ಬಾಯಿಗೆ ಪೌಲನ ಮಾತು ತುರುಕಬೇಡಿ. ಕೆಲವು ಪ್ರಸಂಗಗಳಲ್ಲಿ ಇದನ್ನು ಕೇಳಿದಾಗ ನನಗೆ ಕಿರಿಕಿರಿಯಾಗುತ್ತದೆ. ಆ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಮುಗಿಯಲಿ. ಕಥೋಲಿಕ ಸಭೆ ಶುಕ್ರವಾರದ ರಾತ್ರಿ ಪ್ರಾರ್ಥನೆಗೆ ಆರಿಸಿಕೊಂಡಿರುವುದು ಅದನ್ನೇ. ಅಜ್ಜಿಯನ್ನು ಕಳೆದುಕೊಂಡ ನಿಮಗೂ ಅದನ್ನು ಇದ್ದಂತೆಯೇ ಪ್ರಾರ್ಥಿಸುವ ಹಕ್ಕಿದೆ.

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಹಿಂದೆ ಪ್ರವಾದಿಗಳ ಮೂಲಕ ಭಾಗಭಾಗವಾಗಿ ಮಾತಾಡಿದ ದೇವರು ಈ ಅಂತ್ಯದಿನಗಳಲ್ಲಿ ಮಗನ ಮೂಲಕ ಮಾತಾಡಿದ್ದಾರೆ ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರ. ಮಗನ ಆಚೆಗೆ ಇನ್ನೊಂದು ಹಂತವನ್ನು ಮುಖ್ಯ ಸಭೆಗಳು ಒಪ್ಪುವುದಿಲ್ಲ. ಕ್ರಿಸ್ತನ ಮಹಿಮೆಯ ಪ್ರತ್ಯಕ್ಷತೆಗೆ ಮುಂಚೆ ಎಲ್ಲರಿಗೂ ಅನ್ವಯಿಸುವ ಹೊಸ ದೈವಪ್ರಕಟಣೆ ಇಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಪ್ರೊಟೆಸ್ಟೆಂಟರು ಅದೇ ಗೆರೆಯನ್ನು ಬೈಬಲ್ ಮುಗಿಯುವಲ್ಲಿ ಎಳೆಯುತ್ತಾರೆ. ನಮ್ಮ ಗ್ರಹಿಕೆ ಬೆಳೆಯುವುದು ಬೇರೆ ಸಂಗತಿ. ಪವಿತ್ರಾತ್ಮರ ದೈವತ್ವವನ್ನು ಸಭೆ ವಿಶ್ವಾಸಪ್ರಮಾಣದಲ್ಲಿ ಬಿಡಿಸಿ ಹೇಳಿದ್ದೇ 381ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಪೆಂತೆಕೋಸ್ತ್ ಸಭೆಗಳಲ್ಲಿ ಪ್ರವಾದನೆಗೆ ಜಾಗವಿದೆ, ಆದರೆ ಅದನ್ನು ಇತರರು ವಿವೇಚಿಸಬೇಕೆಂದು ಪೌಲನೇ ಬರೆದಿದ್ದಾನೆ (1 ಕೊರಿಂಥ 14:29). ‘ದೇವರು ನನಗೊಬ್ಬನಿಗೇ ತಿಳಿಸಿದರು, ಪರೀಕ್ಷಿಸಬೇಡಿ’ ಎನ್ನುವವರು ಬಂದರೆ ಆ ವಾಕ್ಯವನ್ನು ತೆರೆದು ಅವರ ಕೈಯಲ್ಲೇ ಓದಿಸಿ.