ಮರೆವಿನ ಕಾಯಿಲೆಯ ತಂದೆಯ ಚಿತ್ರೀಕರಣ: ಸಂಜೆಯ ರೇಗಾಟ, ಮೈಕ್ ಕೀಳುವುದು

ಡಿಮೆನ್ಶಿಯಾ ಇರುವ ತಂದೆಯವರ ಸಾಕ್ಷ್ಯಚಿತ್ರ ಮಾಡುತ್ತಿದ್ದೀರಿ, ಸಂಜೆ ಕ್ಯಾಮೆರಾ ಕಂಡರೆ ರೇಗುತ್ತಾರೆ, ಕಾಲರ್ ಮೈಕ್ ಕಿತ್ತೆಸೆಯುತ್ತಾರೆ ಅಂದಿರಿ.

ಮೊದಲು ಹೊತ್ತು ಬದಲಿಸಿ. ಸಂಜೆಯಾದಂತೆ ಗೊಂದಲ, ಸಿಡುಕು ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಬೆಳಗಿನ ತಿಂಡಿಯ ನಂತರ 15–20 ನಿಮಿಷ ಸಾಕು. ಆದರೆ ಒಂದೆರಡು ದಿನದಲ್ಲೇ ಗೊಂದಲ ದಿಢೀರನೆ ಏರಿದರೆ ಚಿತ್ರೀಕರಣ ಬಿಟ್ಟು ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ.

ಎದೆಯ ಮೇಲೇನೋ ಅಂಟಿದಂತಿದ್ದರೆ ಕೈ ಅಲ್ಲಿಗೇ ಹೋಗುತ್ತದೆ. ಕಾಲರ್ ಮೈಕ್ ಬದಲು ಶಾಟ್‌ಗನ್ ಮೈಕನ್ನು (ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಮೈಕ್) ಫ್ರೇಮಿನಾಚೆ, ತಲೆಯಿಂದ ಎರಡಡಿ ಮೇಲೆ, ಬಾಯಿಯತ್ತ ವಾಲಿಸಿ ನಿಲ್ಲಿಸಿ. ಫ್ಯಾನ್ ಆರಿಸಿ. ಟ್ಯೂಬ್‌ಲೈಟ್ ಮಿನುಗಿದರೆ ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡಿಗೆ ಇಡಿ. ಕ್ಯಾಮೆರಾದ ಪರದೆಯನ್ನು ಅವರತ್ತ ತಿರುಗಿಸಬೇಡಿ, ತಮ್ಮ ಮುಖವೇ ಗುರುತು ಸಿಗದೆ ಬೆದರಬಹುದು.

"ನೆನಪಿದೆಯಾ?" ಎಂದು ಕೇಳಿದರೆ ಅದು ಪರೀಕ್ಷೆ. ಬದಲಿಗೆ ಕೈಗೆ ಕೆಲಸ ಕೊಡಿ: ಹುರುಳಿಕಾಯಿ ಸೋಸುವುದು, ಪಂಚೆ ಮಡಚುವುದು. ಕೈಗೆ ರೂಢಿಯಾದದ್ದು ಹೆಸರುಗಳಿಗಿಂತ ತಡವಾಗಿ ಮರೆಯುತ್ತದೆ, ಮಾತು ತಾನಾಗಿ ಬರುತ್ತದೆ. ತೀರಿಹೋದ ತಮ್ಮ ತಾಯಿ ಎಲ್ಲಿ ಎಂದು ಅವರು ಕೇಳಿದರೆ ಕ್ಯಾಮೆರಾಕ್ಕಾಗಿ ಸಾವಿನ ಸುದ್ದಿ ಹೇಳಿಸಬೇಡಿ. ಅವರಿಗದು ಪ್ರತಿ ಸಲವೂ ಹೊಸ ಸಾವು. "ಅಮ್ಮ ಹೇಗಿದ್ದರು?" ಅನ್ನಿ, ಸಾಕು.

ಏನು ತೋರಿಸಬಹುದು, ಏನು ಬೇಡ ಎಂಬ ಒಪ್ಪಿಗೆಯನ್ನು ತಿಳಿವಳಿಕೆ ಇರುವಾಗಲೇ ಅವರ ದನಿಯಲ್ಲೇ ರೆಕಾರ್ಡ್ ಮಾಡಿ. ಆಮೇಲೂ ದಿನಾ ಕೇಳಿ. ಮುಖ ತಿರುಗಿಸಿದರೂ ಅದು ಬೇಡವೆಂದೇ. ಸ್ನಾನ, ಬಟ್ಟೆ ಬದಲಿಸುವುದಂತೂ ಬೇಡವೇ ಬೇಡ.