ಲೆನ್ಸ್ ತೊಳೆಯುವ ಮೆಶಿನ್‌ಗಳಲ್ಲಿ ಯಾವುದು ಒಳ್ಳೆಯದು?

ಸುರತ್ಕಲ್ ಹಾಸ್ಟೆಲ್, ಕಣ್ಣಿಗೆ ಹಾಕುವ, ತಿಂಗಳಿಗೊಮ್ಮೆ ಬದಲಿಸುವ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್, ರಾತ್ರಿ ಉಜ್ಜಿ ತೊಳೆಯಲು ಉದಾಸೀನ. ಹಾಗಾಗಿ ತಾನೇ ತೊಳೆಯುವ ಮೆಶಿನ್ ಬೇಕು, ಅಲ್ಟ್ರಾಸಾನಿಕ್ ತೆಗೆದುಕೊಳ್ಳಲಾ, ಬರೀ ಅಲುಗಾಡಿಸುವಂಥದ್ದು ಸಾಕಾ, ನೀಲಿ ಲೈಟ್ ಇರುವುದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುವಾಗಲೇ ನನ್ನ ಎಡಗಣ್ಣು ಒಮ್ಮೆ ಚುಳ್ ಅಂದಿತು, ನಿಜವಾಗಿ.

ನಾನು ಉಡುಪಿಯವ. ಸಂಬಳ ಬ್ಯಾಂಕಿನದ್ದು, ಹುಚ್ಚು ಯಕ್ಷಗಾನದ್ದು. ಹವ್ಯಾಸಿ ಸಂಘವೊಂದರಲ್ಲಿ ಪುಂಡುವೇಷ, ಅಂದರೆ ಎಳೆ ವೀರರ ಪಾತ್ರ ಮಾಡುತ್ತೇನೆ. ಕಣ್ಣಿನ ಪವರ್ ಮೈನಸ್ 5.5. ಕೇದಗೆ ಮುಂದಲೆ ಕಟ್ಟಿ, ಅದರ ಕೆಳಗೆ ಕನ್ನಡಕ ಇಟ್ಟ ಅಭಿಮನ್ಯುವನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕನ್ನಡಕ ತೆಗೆದಿಟ್ಟು ಕುಣಿದೂ ನೋಡಿದೆ. ಮಂಡಿ ಹಾಕುತ್ತಾ ಹಾಕುತ್ತಾ ಸೀದಾ ಚೆಂಡೆಯವರ ಕಾಲಬುಡಕ್ಕೆ ಹೋಗಿ ನಿಂತಿದ್ದೆ. ಎದುರು ಕುರ್ಚಿಯಲ್ಲಿದ್ದವರು ನಗಾಡಿದ್ದು ಇವತ್ತಿಗೂ ಕಿವಿಯಲ್ಲಿ ಉಂಟು. ಆಮೇಲೆ ಲೆನ್ಸ್ ಮಾಡಿಸಿದೆ.

ಲೆನ್ಸ್ ಹಾಕಿ ಕುಣಿಯುವುದು ಸುಖ. ಕಷ್ಟ ಇರುವುದು ಆಟ ಮುಗಿದ ಮೇಲೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಮುಖದ ಬಣ್ಣ ತೆಗೆಯುವುದು ತೆಂಗಿನೆಣ್ಣೆ ಹಚ್ಚಿ. ಕೈಯೆಲ್ಲ ಎಣ್ಣೆ, ಉಗುರಿನ ಸಂದಿಯಲ್ಲಿ ಕಾಡಿಗೆ, ಗಂಟೆ ಬೆಳಗಿನ ಜಾವದ ನಾಲ್ಕು. ಆ ಕೈಯಲ್ಲಿ ಲೆನ್ಸ್ ತೆಗೆದು, ಅಂಗೈಯಲ್ಲಿಟ್ಟು ಉಜ್ಜಿದರೆ ಕೊಳೆ ಹೋಗುವ ಬದಲು ಎಣ್ಣೆಯೇ ಮೆತ್ತಿಕೊಳ್ಳುತ್ತಿತ್ತು. (ಬಣ್ಣ ಹಚ್ಚುವ ಮೊದಲೇ ಲೆನ್ಸ್ ಹಾಕಬೇಕು, ಎಣ್ಣೆ ಮುಟ್ಟುವ ಮೊದಲೇ ತೆಗೆಯಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.) ಆಗ ಫೋನಿನಲ್ಲಿ ಕಂಡದ್ದೇ ಈ ಮೆಶಿನ್. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು, ಫೋನಿನ ಚಾರ್ಜರ್‌ಗೇ ಸಿಕ್ಕಿಸಬಹುದು, ಎಡಕ್ಕೊಂದು ಬಲಕ್ಕೊಂದು ಗುಳಿ. ಲೆನ್ಸ್ ತೊಳೆಯುವ ದ್ರಾವಣ ಹೊಯ್ದು, ಲೆನ್ಸ್ ಬಿಟ್ಟು, ಗುಂಡಿ ಒತ್ತಿದರೆ ನೀಲಿ ದೀಪ ಹತ್ತಿ ಗುಂಯ್ ಅಂತ ಮೂರು ನಿಮಿಷ. ಎಂಟುನೂರು ರೂಪಾಯಿ. ಕೈ ಹಾಕುವ ಕೆಲಸವೇ ಇಲ್ಲ ಅಂತ ಸಂಘದವರಿಗೆಲ್ಲ ತೋರಿಸಿಕೊಂಡು ಬಂದಿದ್ದೆ.

ಈಗ ನನ್ನ ತಪ್ಪು ಎಂತದ್ದು ಅಂತ ಸರಿಯಾಗಿ ಕೇಳಿ, ಏಕೆಂದರೆ ನೀವೂ ಅದನ್ನೇ ಮಾಡುತ್ತೀರಿ.

ಮಾಮೂಲಿ ಲೆನ್ಸ್ ಡಬ್ಬಿಯ ಒಂದು ಗುಳಿಗೆ ಮೂರು ಮಿಲಿ ದ್ರಾವಣ ಸಾಕಾಗುತ್ತಿತ್ತು. ಈ ಮೆಶಿನ್‌ನ ಗುಳಿ ಆಳ, ಐದಾರು ಮಿಲಿ ಹೊಯ್ಯದಿದ್ದರೆ ಲೆನ್ಸ್ ಮುಳುಗುವುದೇ ಇಲ್ಲ. ಎರಡು ಕಣ್ಣಿಗೆ ದಿನಕ್ಕೆ ಹನ್ನೊಂದು ಹನ್ನೆರಡು ಮಿಲಿ. 120 ಮಿಲಿಯ ಬಾಟ್ಲಿ ಹತ್ತೇ ದಿನಕ್ಕೆ ಖಾಲಿ. ಬ್ಯಾಂಕಿನವ ನೋಡಿ, ಲೆಕ್ಕ ಹಾಕಿದೆ. ಮೆಶಿನ್‌ಗೆ ಕೊಟ್ಟ ದುಡ್ಡು ದ್ರಾವಣದಲ್ಲಿ ಮತ್ತೊಮ್ಮೆ ಹೋಗುತ್ತದೆ ಅಂತ ಕಂಡಿತು. ನೋಡಲು ಅದು ನೀರಿನ ಹಾಗೆ ತಿಳಿಯಾಗಿಯೇ ಇತ್ತು, ವಾಸನೆ ಇರಲಿಲ್ಲ. ಚೆಲ್ಲುವುದು ಯಾಕೆ? ನಿನ್ನೆಯದನ್ನೇ ಇಟ್ಟುಕೊಂಡು ಮೇಲಿಂದ ಸ್ವಲ್ಪ ಹೊಸತು ಸೇರಿಸುತ್ತಾ ಹೋದೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಅಷ್ಟಮಿಯ ಮುಂಚೆ ಹೊಯ್ದದ್ದರ ಅಂಶ ಚೌತಿಯ ತನಕ ಆ ಗುಳಿಯಲ್ಲಿ ಇತ್ತು ಅಂತ ಕಾಣುತ್ತದೆ.

ಹೀಗೆ ಮಾಡಿದರೆ ಆಗುವುದು ಇಷ್ಟು. ದ್ರಾವಣದಲ್ಲಿ ಕ್ರಿಮಿ ಕೊಲ್ಲುವ ಮದ್ದು ಇರುವುದು ಬಹಳ ಕಡಿಮೆ, ಕಣ್ಣಿಗೆ ಹಾನಿ ಆಗಬಾರದು ಅಂತ ಅಳೆದು ಹಾಕಿದ್ದು. ಮೊದಲ ರಾತ್ರಿಯೇ ಅದು ಕೊಳೆಗೆ, ಲೆನ್ಸಿಗೆ ಅಂಟಿಕೊಂಡು ಖರ್ಚಾಗುತ್ತದೆ. ಮರುದಿನ ಗುಳಿಯಲ್ಲಿ ಉಳಿದದ್ದು ಸತ್ವ ಹೋದ ನೀರು ಮತ್ತು ನಿನ್ನೆಯ ಕೊಳೆ. ಅದಕ್ಕೆ ಹೊಸದನ್ನು ಹೊಯ್ದರೆ ಹಳತು ಹೊಸತಾಗುವುದಿಲ್ಲ, ಹೊಸತೇ ಹಳತಾಗುತ್ತದೆ. ಬದುಕಿ ಉಳಿದ ಕ್ರಿಮಿಗಳು ಗುಳಿಯ ಗೋಡೆಗೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಆ ಪದರದೊಳಗೆ ಒಮ್ಮೆ ಸೇರಿದವಕ್ಕೆ ಮದ್ದು ಸುಲಭದಲ್ಲಿ ತಾಗುವುದಿಲ್ಲ. ನಾನು ಒಂದು ದಿನ ಬೆರಳು ಹಾಕಿ ನೋಡಿದ್ದೆ, ನುಣ್ಣಗೆ ಜಾರುತ್ತಿತ್ತು. ಪ್ಲಾಸ್ಟಿಕ್ ಅಲ್ವಾ, ಹಾಗೇ ಇರಬೇಕು ಅಂದುಕೊಂಡೆ.

ಆಟಿ ತಿಂಗಳಲ್ಲಿ ನಮ್ಮ ಅಂಗಳ ನೋಡಿದ್ದೀರಲ್ಲ? ಪಾಚಿ ಹಿಡಿದ ಕಲ್ಲಿನ ಮೇಲೆ ದಿನವಿಡೀ ಜೋರು ಮಳೆ ಹೊಯ್ಯುತ್ತದೆ. ಪಾಚಿ ಹೋಗುತ್ತದಾ? ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ಉಜ್ಜಿದರೆ ಮಾತ್ರ ಹೋಗುತ್ತದೆ. ಲೆನ್ಸ್ ಕತೆಯೂ ಅದೇ. ಕಣ್ಣೀರಿನ ಪ್ರೋಟೀನು, ಕೊಬ್ಬು, ಚೌಕಿಯ ಎಣ್ಣೆ ಎಲ್ಲ ಬಿಡುವುದು ಬೆರಳಿನ ಉಜ್ಜುವಿಕೆಗೆ. ಆಮೇಲೆ ಹೊಸ ದ್ರಾವಣದಲ್ಲಿ ನಾಲ್ಕಾರು ಗಂಟೆ ನೆನೆಸಿದರೆ ಮದ್ದು ತನ್ನ ಕೆಲಸ ಮಾಡುತ್ತದೆ. ಮೂರು ನಿಮಿಷ ಗುಂಯ್‌ಗುಟ್ಟಿದರೆ ಈ ಎರಡರಲ್ಲಿ ಒಂದೂ ಆಗುವುದಿಲ್ಲ.

ಚೌತಿಯ ಮರುದಿನ ಬೆಳಿಗ್ಗೆ ಎಡಗಣ್ಣಿನಲ್ಲಿ ಹೊಯಿಗೆ ಬಿದ್ದ ಹಾಗೆ. ಬಣ್ಣದ ಪುಡಿ ಸಿಕ್ಕಿಕೊಂಡಿರಬೇಕು ಅಂತ ನೀರು ಹಾಕಿದೆ. ಮಧ್ಯಾಹ್ನಕ್ಕೆ ಬೆಳಕು ನೋಡಲಾಗದೆ ಬ್ಯಾಂಕಿನ ಟೇಬಲ್ ಮೇಲೆ ತಲೆ ಇಟ್ಟು ಕುಳಿತಿದ್ದೆ. ಸಂಜೆ ಕನ್ನಡಿ ನೋಡಿದರೆ ಕರಿಗುಡ್ಡೆಯ ಅಂಚಿನಲ್ಲಿ ಸಾಬಕ್ಕಿಯ ಚೂರಿನಂಥ ಬಿಳಿ ಚುಕ್ಕೆ. ಮಾವನ ಮಗ ಬೈಕಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟ್ರು ಕಣ್ಣಿಗೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿ ತಾಗಿಸಿ, ನೀಲಿ ಬೆಳಕು ಬಿಟ್ಟು ನೋಡಿದರು. ಹುಣ್ಣು ಇದ್ದ ಜಾಗ ಹಸಿರಾಗಿ ಹೊಳೆಯುತ್ತದಂತೆ. ಕಾರ್ನಿಯದ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯ ಹುಣ್ಣು. ಮರಗಟ್ಟಿಸುವ ಹನಿ ಹಾಕಿ, ಹುಣ್ಣನ್ನೇ ಕೆರೆದು ಸ್ಯಾಂಪಲ್ ತೆಗೆದರು. "ಲೆನ್ಸ್ ಡಬ್ಬಿ ಎಲ್ಲಿ?" ಅಂತ ಕೇಳಿದರು. ಅಮ್ಮ ಮೆಶಿನ್ ತಂದುಕೊಟ್ಟರು. ಅದನ್ನು ತಿರುಗಿಸಿ ನೋಡಿ ಡಾಕ್ಟ್ರು ಏನೂ ಹೇಳಲಿಲ್ಲ, ಬೈದಿದ್ದರೆ ವಾಸಿ ಇತ್ತು. ಹುಣ್ಣಿನಲ್ಲಿ ಸಿಕ್ಕಿದ್ದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಗುಳಿಯ ಲೋಳೆಯಲ್ಲಿಯೂ ಅದೇ. ಒದ್ದೆ ಎಲ್ಲಿ ನಿಂತಿದೆಯೋ ಅಲ್ಲಿ ಬೆಳೆಯುವ ಜಾತಿ ಅದು. ಗಂಟೆಗೊಮ್ಮೆ ಹನಿ, ಹಗಲೂ ರಾತ್ರಿಯೂ. ಅಮ್ಮ ಅಲಾರಂ ಇಟ್ಟು ಎದ್ದು ಹಾಕಿದರು, ಮೂರು ರಾತ್ರಿ ಅವರೂ ಮಲಗಲಿಲ್ಲ. ಹುಣ್ಣು ಒಣಗಿತು, ಕಲೆ ಉಳಿಯಿತು. ಪುಣ್ಯಕ್ಕೆ ನಡುವಿನಲ್ಲಿ ಅಲ್ಲ, ಬದಿಯಲ್ಲಿ. ರಾತ್ರಿ ಹೈವೇಯಲ್ಲಿ ಎದುರು ಬರುವ ಲಾರಿಯ ಲೈಟು ಎಡಗಣ್ಣಿಗೆ ಉರಿಯುವ ಸೂಡಿ ಬೀಸಿದ ಹಾಗೆ ಚೆದುರಿ ಕಾಣುತ್ತದೆ. ಆ ವರ್ಷದ ಅಭಿಮನ್ಯು ಬೇರೆಯವರ ಪಾಲಾಯಿತು. ಚೆನ್ನಾಗಿಯೇ ಮಾಡಿದ ಅವನು, ಅದೊಂದು ಬೇರೆ ಸಂಕಟ.

ಗುಣವಾದ ಮೇಲೆ ಸಿಟ್ಟಿನಲ್ಲಿ ಮೆಶಿನ್ ಬಿಚ್ಚಿದೆ. ಒಳಗೆ ಅಲ್ಟ್ರಾಸಾನಿಕ್ ಇಲ್ಲ, ಮಣ್ಣೂ ಇಲ್ಲ! ಫೋನು ವೈಬ್ರೇಟ್ ಆಗಲು ಇರುತ್ತದಲ್ಲ, ಅಂಥದ್ದೊಂದು ಪುಟ್ಟ ಮೋಟಾರು. ನಿಜವಾದ ಅಲ್ಟ್ರಾಸಾನಿಕ್ ಅಂದರೆ ಚಿನ್ನದಂಗಡಿಯಲ್ಲಿ ಒಡವೆ ತೊಳೆಯುವ ತೊಟ್ಟಿ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಅದುರಿ, ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ ಒಡೆಯುತ್ತದೆ. ಅದು ಕೊಳೆ ಸಡಿಲಿಸುತ್ತದೆ ಸರಿ, ಆದರೆ ಕ್ರಿಮಿ ಕೊಲ್ಲುವ ಕೆಲಸ ದ್ರಾವಣದ್ದೇ. ನೀಲಿ ದೀಪ ಬರೀ ಶೋಕಿಗೆ. ಕ್ರಿಮಿ ಕೊಲ್ಲುವ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ.

ನಾನು ಮೆಶಿನ್ ವಿರೋಧಿ ಅಲ್ಲ, ಮಾರಾಯ್ರೆ. ಈ ಮೆತ್ತನೆ ಲೆನ್ಸ್ ಹುಟ್ಟಿದ್ದೇ ಮನೆಯಲ್ಲಿ ಕಟ್ಟಿದ ಒಂದು ಮೆಶಿನ್‌ನಿಂದ. 1961ರಲ್ಲಿ ಝೆಕೊಸ್ಲೊವಾಕಿಯದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ ಮಕ್ಕಳ ಆಟದ ಜೋಡಣೆ ಸೆಟ್ಟಿಗೆ ಸೈಕಲ್ ಡೈನಮೊ ಸಿಕ್ಕಿಸಿ, ಅಚ್ಚು ತಿರುಗಿಸಿ ಮೊದಲ ಲೆನ್ಸ್‌ಗಳನ್ನು ತೆಗೆದರು. ಆದರೆ ತೊಳೆಯುವ ಮೆಶಿನ್‌ಗಳ ಚರಿತ್ರೆ ಅಷ್ಟು ಚಂದ ಇಲ್ಲ. 1970ರ ದಶಕದಲ್ಲಿ ಲೆನ್ಸ್ ಬೇಯಿಸುವ ಕರೆಂಟಿನ ಡಬ್ಬಿಗಳಿದ್ದವು. ಉಜ್ಜದೆ ಬೇಯಿಸಿದರೆ ಪ್ರೋಟೀನು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ಲೆನ್ಸಿಗೇ ಕೂರುತ್ತಿತ್ತು. ಇನ್ನು ಹಳೇ ದ್ರಾವಣಕ್ಕೆ ಹೊಸತು ಸೇರಿಸುವ ಜನ ನಾನೊಬ್ಬನೇ ಅಲ್ಲ. 2006ರಲ್ಲಿ ಅಮೆರಿಕ, ಸಿಂಗಾಪುರ ಕಡೆ ಲೆನ್ಸ್ ಹಾಕುವವರಿಗೆ ಫ್ಯುಸೇರಿಯಂ ಶಿಲೀಂಧ್ರದ ಕಣ್ಣಿನ ಸೋಂಕು ಹಬ್ಬಿ, ಒಂದು ದ್ರಾವಣವನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದಾಗಲೂ ಈ ಅಭ್ಯಾಸದ ಮಾತು ಬಂದಿತ್ತು.

ಹಾಗಾಗಿ ಯಾವ ಮೆಶಿನ್ ಅಂತ ಕೇಳಿದರೆ ನಾನು ಹೇಳುವುದಿಲ್ಲ. ನಿಮ್ಮ ಪ್ರಶ್ನೆಯೇ ತಪ್ಪು. ನಿಮಗಿರುವುದು ಉದಾಸೀನ, ಅದಕ್ಕೆ ಮದ್ದು ಬೇರೆ. ದಿನಕ್ಕೊಂದು ಹಾಕಿ ಬಿಸಾಡುವ ಲೆನ್ಸ್ ತೆಗೆದುಕೊಳ್ಳಿ, ತೊಳೆಯುವ ತಂಟೆಯೇ ಇಲ್ಲ. ದುಬಾರಿ ಅನಿಸಿದರೆ ಬೇಕಾದ ದಿನ ಮಾತ್ರ ಹಾಕಿ, ಉಳಿದ ದಿನ ಕನ್ನಡಕ. ನಾನು ಈಗ ಹಾಗೆಯೇ ಮಾಡುವುದು, ಆಟದ ದಿನ ಮಾತ್ರ ಲೆನ್ಸ್. ಕ್ಲಾಸಿಗೆ ಹೋಗಲು ನಿಮಗೆ ಲೆನ್ಸ್ ಯಾಕೆ ಅಂತ ಕೇಳಿದರೆ ಸಿಟ್ಟು ಮಾಡಬೇಡಿ.

ತಾನಾಗಿಯೇ ಆಗಬೇಕು ಅಂತ ಹಟವಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಪದ್ಧತಿ ಉಂಟು, ಅದಕ್ಕೆ ಕರೆಂಟೂ ಬೇಡ. 3 ಶೇಕಡದ ಪೆರಾಕ್ಸೈಡಿನಲ್ಲಿ ಲೆನ್ಸ್ ಮುಳುಗಿಸಿಡುವುದು. ಡಬ್ಬಿಯ ತಳದಲ್ಲಿರುವ ಪ್ಲಾಟಿನಂ ಲೇಪದ ಬಿಲ್ಲೆ ಅದನ್ನು ಆರು ಗಂಟೆಯಲ್ಲಿ ನೀರು, ಆಮ್ಲಜನಕವಾಗಿ ಒಡೆದು ಬಿಡುತ್ತದೆ. ಅದರ ಜೊತೆ ಬಂದ ಡಬ್ಬಿಯಲ್ಲೇ ಇಡಬೇಕು, ಆರು ಗಂಟೆ ಮುಗಿಯುವ ಮುಂಚೆ ತೆಗೆದು ಹಾಕಿದರೆ ಕಣ್ಣು ಉರಿದು ಬೊಬ್ಬೆ ಹೊಡೆಯುತ್ತೀರಿ. ಅದರಲ್ಲಿಯೂ ಮೊದಲು ಉಜ್ಜಿ ಅಂತಲೇ ನನ್ನ ಡಾಕ್ಟ್ರು ಹೇಳುವುದು. ಇಪ್ಪತ್ತು ಸೆಕೆಂಡಿನ ಕೆಲಸ, ಅಷ್ಟು ಹೊತ್ತು ನೀವು ಫೋನಿನಲ್ಲಿ ಒಂದು ರೀಲ್ ನೋಡುತ್ತೀರಿ.

ಈಗಾಗಲೇ ಮೆಶಿನ್ ಆರ್ಡರ್ ಮಾಡಿಯಾಗಿದ್ದರೆ ಅಮ್ಮನ ಮೂಗುಬೊಟ್ಟು ತೊಳೆಯಲು ಕೊಡಿ. ಮಾಮೂಲಿ ಡಬ್ಬಿಯಲ್ಲೇ ಲೆನ್ಸ್ ಇಡುವುದಾದರೆ ಉಳಿದ ದ್ರಾವಣವನ್ನು ದಿನಾ ಬೆಳಿಗ್ಗೆ ಚೆಲ್ಲಿ, ಹೊಸ ದ್ರಾವಣದಲ್ಲೇ ಡಬ್ಬಿ ತೊಳೆದು ಕವುಚಿ ಹಾಕಿ ಒಣಗಿಸಿ. ಹಾಸ್ಟೆಲ್ ಟ್ಯಾಂಕಿನ ನೀರು ಲೆನ್ಸಿಗೂ ಬೇಡ, ಡಬ್ಬಿಗೂ ಬೇಡ. ಮೂರು ತಿಂಗಳಿಗೊಮ್ಮೆ ಡಬ್ಬಿ ಬಿಸಾಡಿ. ಕಣ್ಣು ಕೆಂಪಾಗಿ ನೋವು ಬಂದರೆ ಅದೇ ಕ್ಷಣ ಲೆನ್ಸ್ ತೆಗೆಯಿರಿ, ಮೆಡಿಕಲ್‌ನವರು ಕೊಟ್ಟ ಹನಿ ಹಾಕಬೇಡಿ, ಅದೇ ದಿನ ಕಣ್ಣಿನ ಡಾಕ್ಟ್ರ ಹತ್ತಿರ ಹೋಗಿ. ಹೋಗುವಾಗ ಡಬ್ಬಿಯನ್ನು ತೊಳೆಯದೆ ಹಾಗೆಯೇ ತೆಗೆದುಕೊಂಡು ಹೋಗಿ, ಅವರು ಕೇಳುತ್ತಾರೆ.