ವೈರಸ್ ಬಂದಾಗ ಕೋಶ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದಂತೆ, ಅದರಿಂದ ಅದಕ್ಕೇ ನಷ್ಟ ಅಲ್ವಾ?

ನಷ್ಟವೇ. ಜಾಸ್ತಿ ಹೊತ್ತು ನಿಲ್ಲಿಸಿದರೆ ಕೋಶ ಸತ್ತೂ ಹೋಗಬಹುದು. ಆದರೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ವೈರಸ್ಸಿಗೆ ಸ್ವಂತದ್ದಿಲ್ಲ. ತನ್ನ ಪ್ರೋಟೀನನ್ನೆಲ್ಲ ಅದು ನಮ್ಮ ಕೋಶದಿಂದಲೇ ಮಾಡಿಸಿಕೊಳ್ಳಬೇಕು. ಕೆಲಸ ನಿಂತರೆ ಅದಕ್ಕೂ ದಿಕ್ಕಿಲ್ಲ. ಒಂದು ಕೋಶ ಹೋದರೂ ಅಕ್ಕಪಕ್ಕದವು ಉಳಿಯುತ್ತವೆ.

ಈ ಪಾಠ ಮಾಡುವಾಗೆಲ್ಲ ನನಗೆ ಬೆರಗು ಹುಟ್ಟಿಸುವುದು ನಿಲ್ಲಿಸುವ ರೀತಿ. ಬಹಳಷ್ಟು ವೈರಸ್‌ಗಳು ನಕಲು ಮಾಡಿಕೊಳ್ಳುವಾಗ ಉದ್ದನೆಯ ಎರಡೆಳೆ ಆರ್‌ಎನ್‌ಎ ಹುಟ್ಟುತ್ತದೆ. ಆರೋಗ್ಯವಾಗಿರುವ ಕೋಶದ ಸೈಟೋಪ್ಲಾಸಂನಲ್ಲಿ, ಅಂದರೆ ಕೋಶಕೇಂದ್ರದ ಹೊರಗಿನ ಭಾಗದಲ್ಲಿ, ಅಂಥದ್ದು ಕಾಣಸಿಗುವುದು ತೀರಾ ಕಮ್ಮಿ. ಪಿಕೆಆರ್ ಎಂಬ ಕಿಣ್ವ ಅದಕ್ಕೆ ಅಂಟಿಕೊಂಡು ಚುರುಕಾಗುತ್ತದೆ. ಆಮೇಲೆ ಇಐಎಫ್2 ಎಂಬ ಪ್ರೋಟೀನಿಗೆ ಒಂದು ಫಾಸ್ಫೇಟ್ ಹಚ್ಚುತ್ತದೆ. ಪ್ರೋಟೀನ್ ಕಟ್ಟಲು ಬೇಕಾದ ಮೊದಲ ಅಮೈನೋ ಆಮ್ಲವನ್ನು ರೈಬೋಸೋಮ್‌ಗೆ ತಂದುಕೊಡುವುದು ಇದೇ ಇಐಎಫ್2. ಒಂದು ಸರದಿ ಮುಗಿದ ಮೇಲೆ ಅದನ್ನು ಮತ್ತೆ ಸಜ್ಜು ಮಾಡಲು ಇಐಎಫ್2ಬಿ ಬೇಕು. ಫಾಸ್ಫೇಟ್ ಹತ್ತಿದ ಇಐಎಫ್2 ಈ ಇಐಎಫ್2ಬಿಯನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತದೆ. ಕೋಶದಲ್ಲಿ ಇಐಎಫ್2ಬಿ ಇರುವುದೇ ಸ್ವಲ್ಪ. ಹಾಗಾಗಿ ಎಲ್ಲ ಇಐಎಫ್2ಗೂ ಫಾಸ್ಫೇಟ್ ಹಚ್ಚಬೇಕಿಲ್ಲ. ಒಂದು ಪಾಲಿಗೆ ಹಚ್ಚಿದರೂ ತಯಾರಿಕೆ ಕುಸಿಯುತ್ತದೆ.

ಪೂರ್ತಿ ನಿಲ್ಲುತ್ತದೆ ಅಂತಲ್ಲ. ಎಟಿಎಫ್4ನಂಥ ಕೆಲವು ಪ್ರೋಟೀನ್‌ಗಳು ಆಗಲೇ ಜಾಸ್ತಿ ತಯಾರಾಗುತ್ತವೆ. ಒತ್ತಡ ತಡೆಯುವ ಜೀನ್‌ಗಳನ್ನು ಎಬ್ಬಿಸುವುದು ಅವುಗಳ ಕೆಲಸ.

ಯಾವ ಪ್ರೋಟೀನ್ ಕಟ್ಟಬೇಕೆಂದು ರೈಬೋಸೋಮ್‌ಗೆ ಹೇಳುವ ಎಂಆರ್‌ಎನ್‌ಎಗಳು ಕೆಲಸವಿಲ್ಲದೆ ನಿಂತಾಗ ಒಂದೆಡೆ ಸೇರಿ ಸ್ಟ್ರೆಸ್ ಗ್ರಾನ್ಯೂಲ್ ಎಂಬ ಗುಂಪುಗಳಾಗುತ್ತವೆ. ಇವನ್ನು ಕಣ್ಣಾರೆ ನೋಡಬಹುದು. ಇವುಗಳಲ್ಲಿರುವ ಜಿ3ಬಿಪಿ1 ಪ್ರೋಟೀನಿಗೆ ಹೊಳೆಯುವ ಬಣ್ಣ ಕೊಟ್ಟು ಮೈಕ್ರೋಸ್ಕೋಪಿನಲ್ಲಿಟ್ಟರೆ, ಮೊದಲು ಕಾಣುವುದು ಸೈಟೋಪ್ಲಾಸಂ ತುಂಬ ಹರಡಿದ ಮಂಕು ಬೆಳಕು. ಒತ್ತಡ ಬಿದ್ದಾಗ ಅದು ಚುಕ್ಕಿ ಚುಕ್ಕಿಯಾಗಿ ಕೂಡಿಕೊಳ್ಳುತ್ತದೆ. ಪೋಲಿಯೊ ವೈರಸ್ ಹೊಕ್ಕ ಕೋಶದಲ್ಲಿ ಈ ಚುಕ್ಕಿಗಳು ಮೊದಲು ಮೂಡಿ, ಆಮೇಲೆ ಮಾಯವಾಗುತ್ತವೆ. ವೈರಸ್ಸಿನ 3ಸಿ ಕಿಣ್ವ ಜಿ3ಬಿಪಿ1 ಅನ್ನು ಕತ್ತರಿಸಿ ಹಾಕಿರುತ್ತದೆ!

ಒಂದು ವಿಷಯ ಗಮನದಲ್ಲಿರಲಿ. ತಯಾರಿಕೆ ನಿಂತಿದೆ ಅಂದಮಾತ್ರಕ್ಕೆ ನಿಲ್ಲಿಸಿದ್ದು ಕೋಶವೇ ಅಂದುಕೊಳ್ಳಬೇಡಿ. ಪೋಲಿಯೊ ವೈರಸ್ಸೇ ತನ್ನ 2ಎ ಕಿಣ್ವದಿಂದ, ತಯಾರಿಕೆ ಶುರುವಾಗಲು ಬೇಕಾದ ಇಐಎಫ್4ಜಿ ಎಂಬ ಪ್ರೋಟೀನನ್ನು ತುಂಡರಿಸಿ ಕೋಶದ ಪ್ರೋಟೀನ್ ತಯಾರಿಕೆಗೆ ಕಲ್ಲು ಹಾಕುತ್ತದೆ. ತನ್ನ ಆರ್‌ಎನ್‌ಎಗೆ ಬೇರೆ ದಾರಿ ಇಟ್ಟುಕೊಂಡಿರುತ್ತದೆ.

ಬೇರೆ ವೈರಸ್‌ಗಳೂ ಸುಮ್ನೆ ಕೂರುವುದಿಲ್ಲ. ಅಡಿನೋವೈರಸ್ ತನ್ನ ಚಿಕ್ಕ ಆರ್‌ಎನ್‌ಎಯನ್ನು ಪಿಕೆಆರ್‌ಗೆ ಅಂಟಿಸಿ ಅದನ್ನು ಚುರುಕಾಗಲು ಬಿಡುವುದಿಲ್ಲ. ವ್ಯಾಕ್ಸೀನಿಯಾ ವೈರಸ್ಸಿನ ಕೆ3 ಪ್ರೋಟೀನ್ ಇಐಎಫ್2ರ ಒಂದು ಭಾಗದಂತೆಯೇ ವೇಷ ಹಾಕಿ ಪಿಕೆಆರ್‌ನ ದಾರಿ ತಪ್ಪಿಸುತ್ತದೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಐಸಿಪಿ34.5 ಪ್ರೋಟೀನ್ ಇಐಎಫ್2ಗೆ ಹಚ್ಚಿದ ಫಾಸ್ಫೇಟನ್ನೇ ತೆಗೆಸಿಬಿಡುತ್ತದೆ. ಈ ಐಸಿಪಿ34.5ರ ಜೀನನ್ನು ಕಿತ್ತುಹಾಕಿದರೆ ಹರ್ಪಿಸ್ ಆರೋಗ್ಯವಂತ ಕೋಶದಲ್ಲಿ ಸರಿಯಾಗಿ ಬೆಳೆಯಲಾರದು. ಆದರೆ ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಈ ಕಾವಲೇ ಕೆಟ್ಟಿರುತ್ತದೆ, ಅಲ್ಲಿ ಬೆಳೆಯುತ್ತದೆ. ಹಾಗೆ ಮಾರ್ಪಡಿಸಿದ ಹರ್ಪಿಸ್ ವೈರಸ್ ಟಿ-ವೆಕ್ ಎಂಬ ಹೆಸರಿನಲ್ಲಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಗೆಡ್ಡೆಗೆ ನೇರವಾಗಿ ಚುಚ್ಚುವ ಔಷಧಿಯಾಗಿ, 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.